ಯಾದಗಿರಿಯನ್ನೇ ಬೆಂಗಳೂರಿಗೆ ತಂದರಾಯ್ತು

ಪ್ರಾದೇಶಿಕ ಅಸಮತೋಲನ ಹೋಗಲಾಡಿಸಲು ಇರುವುದು ಎರಡೇ ದಾರಿ. ಅಭಿವೃದ್ಧಿಯನ್ನು ಹಿಂದುಳಿದ ತಾಲ್ಲೂಕಿಗೆ ಒಯ್ಯಬೇಕು, ಇಲ್ಲವೇ ತಾಲ್ಲೂಕನ್ನೇ ಅಭಿವೃದ್ಧಿ ಇರುವಲ್ಲಿಗೆ ತರಬೇಕು. ಮೊದಲನೆಯದಕ್ಕೆ ನೀರು, ಶಾಲೆ, ಆಸ್ಪತ್ರೆ, ಕಾರ್ಖಾನೆ ಬೇಕು. ಅಲ್ಲಿಗೆ ವರ್ಗವಾದರೆ ರಜೆ ಹಾಕದೆ ಹೋಗುವ ಅಧಿಕಾರಿಯೂ ಬೇಕು. ಎರಡನೆಯದಕ್ಕೆ ಒಂದು ರಾತ್ರಿ ಬಸ್ಸು ಸಾಕು. ನಮ್ಮ ಸರ್ಕಾರಗಳು ಪಕ್ಷಭೇದವಿಲ್ಲದೆ ಎರಡನೆಯದನ್ನು ಆರಿಸಿಕೊಂಡಿವೆ. ಇಷ್ಟು ದೊಡ್ಡ ಯೋಜನೆಯನ್ನು ಇಷ್ಟು ಅಗ್ಗವಾಗಿ ನಡೆಸಿಯೂ ಎಲ್ಲೂ ಒಂದು ಟೇಪು ಕತ್ತರಿಸದ ಅವುಗಳ ವಿನಯ ದೊಡ್ಡದು.

ಮೊದಲ ದಾರಿಗೆ ನಕ್ಷೆ ಇರಲಿಲ್ಲವೆಂದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅದನ್ನು ಬರೆದೇ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನು ಅಳೆದು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಕಲಬುರಗಿ ವಿಭಾಗದವೇ ಎಂದಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಬೇಕೆಂದಿತು. ರಾಯಚೂರಿಗೆ ಐಐಟಿ ಕೊಡಿ ಎಂದೂ ಹೇಳಿತು. ಐಐಟಿ ಬಂತು, 2016ರಲ್ಲಿ, ಧಾರವಾಡಕ್ಕೆ. ರಾಯಚೂರಿಗೆ ಆಮೇಲೆ ಐಐಐಟಿ ಸಿಕ್ಕಿತು. ಅಕ್ಷರದ ಲೆಕ್ಕದಲ್ಲಿ ಒಂದು ಹೆಚ್ಚೇ. ಅಷ್ಟಕ್ಕೂ ತೃಪ್ತಿಪಡದ ಆ ಜನ 2022ರಲ್ಲಿ ಏಮ್ಸ್ ಬೇಕೆಂದು ಧರಣಿ ಕೂತರು. ವರ್ಷಗಟ್ಟಲೆ ಕೂತರು. ಕೂತಲ್ಲಿಗೇ ಬಂದು ಮನವಿ ಪತ್ರ ಸ್ವೀಕರಿಸುವ ಸೌಲಭ್ಯಕ್ಕೆ ಮಾತ್ರ ಕೊರತೆಯಾಗಲಿಲ್ಲ.

ದೆಹಲಿಯ ದೂರದೃಷ್ಟಿ ಇನ್ನೂ ಹಿರಿದು. ಬೆರಳೆಣಿಕೆಯ ಮಹಾನಗರಗಳೇ ಉಬ್ಬುವುದು ಬೇಡ, ಸಣ್ಣ ಊರುಗಳನ್ನೂ ಬೆಳೆಸಿ ಎಂದು ಚಾರ್ಲ್ಸ್ ಕೊರಿಯಾ ಅಧ್ಯಕ್ಷತೆಯ ರಾಷ್ಟ್ರೀಯ ನಗರೀಕರಣ ಆಯೋಗ 1988ರಲ್ಲೇ ಹೇಳಿ, 329 ಊರುಗಳ ಪಟ್ಟಿಯನ್ನೂ ಕೊಟ್ಟಿತ್ತು. ಸರ್ಕಾರ ಪೂರ್ತಿ ಒಪ್ಪಿಕೊಂಡಿತು. 2005ರಲ್ಲಿ ನೆಹರೂ ಹೆಸರಿನ ನಗರ ನವೀಕರಣ ಯೋಜನೆ ಬಂದಾಗ ಕರ್ನಾಟಕದಿಂದ ಆಯ್ಕೆಯಾದ ಸಣ್ಣ ಊರುಗಳು ಎರಡು: ಬೆಂಗಳೂರು ಮತ್ತು ಮೈಸೂರು. 2015ರಲ್ಲಿ ಸ್ಮಾರ್ಟ್ ಸಿಟಿ ಬಂತು. ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ ಬೆಂಗಳೂರು. ಬೀದರಿನಿಂದ ಬಳ್ಳಾರಿವರೆಗೆ, ಇಡೀ ಕಲ್ಯಾಣ ಕರ್ನಾಟಕದಲ್ಲಿ, ಸ್ಮಾರ್ಟ್ ಆಗಲು ಯೋಗ್ಯವಾದ ಒಂದು ಊರೂ ಸಿಗಲಿಲ್ಲ. ದೆಹಲಿಯನ್ನು ಬೈಯುವಂತಿಲ್ಲ, ಹೆಸರು ಕಳಿಸಬೇಕಾದದ್ದು ರಾಜ್ಯವೇ. ಆಮೇಲೆ ಸ್ಪರ್ಧೆ ಬೇರೆ: ಪಂಕ್ತಿಯಲ್ಲಿ ಯಾರು ಚೆನ್ನಾಗಿ ಉಂಡಿದ್ದಾರೆ ಎಂದು ನೋಡಿ ಅವರ ಎಲೆಗೇ ಹೋಳಿಗೆ.

ಹೀಗಿರುವಾಗ ಕೆಲಸ ಮಾಡಿ ತೋರಿಸಿದ ಯೋಜನೆ ಒಂದೇ, ಗುಳೆ. ಅದಕ್ಕೆ ವರದಿಯಿಲ್ಲ, ಟೆಂಡರ್ ಇಲ್ಲ, ಮೇಸ್ತ್ರಿ ಕೊಡುವ ಮುಂಗಡವೇ ಬಜೆಟ್ಟು. ದೇವದುರ್ಗ, ಸುರಪುರ, ಶಹಾಪುರದ ಕಡೆಯಿಂದ ಗಂಡ, ಹೆಂಡತಿ, ರೊಟ್ಟಿ ಗಂಟು, ಶಾಲೆ ಬಿಟ್ಟ ಮಗು ಎಲ್ಲವೂ ಒಂದೇ ಸೀಟಿನಲ್ಲಿ ಬೆಂಗಳೂರಿಗೆ ಬಂದಿಳಿಯುತ್ತವೆ. ತಗಡಿನ ಶೆಡ್ಡು ಕಾದಿರುತ್ತದೆ. ಹದಿನೆಂಟು ಮಹಡಿ ಎದ್ದು ನಿಂತ ಮೇಲೆ ಅದೇ ಗೇಟಿನಲ್ಲಿ ಗುರುತಿನ ಚೀಟಿ ಕೇಳಿ ತಡೆಯುತ್ತಾರೆ. ತಡೆಯುವ ವಾಚ್‌ಮನ್ನನೂ ಒಮ್ಮೊಮ್ಮೆ ಅವರ ಪಕ್ಕದೂರಿನವನೇ. ಒಳಗೆ ಉರಿಯುವ ದೀಪಕ್ಕೆ ರಾಯಚೂರಿನ ಶಕ್ತಿನಗರದ ಕರೆಂಟೂ ಸೇರಿರುತ್ತದೆ. ಜನ, ಕರೆಂಟು ಎರಡೂ ಇಷ್ಟು ಸುಸೂತ್ರವಾಗಿ ಬರುತ್ತಿರುವಾಗ ಕಾರ್ಖಾನೆಯನ್ನು ಅಲ್ಲಿಗೆ ಸಾಗಿಸಿ ಎನ್ನುವವರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ.

ಫಲಿತಾಂಶವೂ ಕಣ್ಣಿಗೆ ಕಾಣುವಂಥದ್ದು. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು; ನಂತರದ ಹುಬ್ಬಳ್ಳಿ-ಧಾರವಾಡ ಪಾಲಿಕೆಯದು ಹತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಇಷ್ಟು ಜನರನ್ನು ಹೊತ್ತ ರಾಜಧಾನಿಗೆ ಯೋಜನೆ ಇರಬೇಕಲ್ಲ? ಇತ್ತು, 2015ರವರೆಗಿನದು. 2031ಕ್ಕೆಂದು ಮಾಡಿದ ಕರಡು 2017ರಲ್ಲಿ ಹೊರಬಂದು, ಮುಂದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮೇಲೆ ಜಾಗ ಮುಗಿಯಿತಾದ್ದರಿಂದ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಭೂಮಿಯ ಕೆಳಗೆ ಹೋಗುವ ಉತ್ಸಾಹ. ಸುಮಾರು 17 ಕಿ.ಮೀ. ಸುರಂಗಕ್ಕೆ ಅಂದಾಜು 17 ಸಾವಿರ ಕೋಟಿಯ ಆಚೀಚೆ. ನಂಜುಂಡಪ್ಪನವರು 114 ತಾಲ್ಲೂಕುಗಳಿಗೆ, ಎಂಟು ವರ್ಷಕ್ಕೆ ಕೇಳಿದ್ದರ ಅರ್ಧಕ್ಕೂ ಹೆಚ್ಚು. ಆಗಿನ ರೂಪಾಯಿ ಬೇರೆ, ಈಗಿನದು ಬೇರೆ ಎಂದು ತಜ್ಞರು ತಿದ್ದುತ್ತಾರೆ. ಸರಿಯೇ. ಆಗಿನ ರೂಪಾಯಿಯನ್ನು ಆಗಲೇ ಕೊಟ್ಟಿದ್ದರೆ ಈ ತಕರಾರಿಗೆ ಅವಕಾಶವಿರುತ್ತಿರಲಿಲ್ಲ.

ಉತ್ತರದವರಿಗೆ ಏನೂ ಕೊಟ್ಟಿಲ್ಲ ಎಂದರೆ ನಾಲಿಗೆ ಸೀಳಿಹೋದೀತು. 2012ರಿಂದ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವಿದೆ. ಚಳಿಗಾಲದಲ್ಲಿ ಕೆಲವು ದಿನ ಸರ್ಕಾರವೇ ಅಲ್ಲಿಗೆ ಗುಳೆ ಹೋಗಿ, ಕುಂದಾ ಕಟ್ಟಿಸಿಕೊಂಡು ವಾಪಸು ಬರುತ್ತದೆ. ಸಂವಿಧಾನದ 371(ಜೆ) ವಿಧಿ ಬಂತು, ಮೀಸಲು ಬಂತು. ಹುದ್ದೆ ತುಂಬುವುದೊಂದು ಬಾಕಿ. ತಾಲ್ಲೂಕುಗಳನ್ನಂತೂ ಕೈಬಿಚ್ಚಿ ಕೊಟ್ಟಿದ್ದಾರೆ, ಒಟ್ಟು ಸಂಖ್ಯೆ ಈಗ 230 ದಾಟಿದೆ. ಹಿಂದುಳಿದ ಒಂದನ್ನು ಮುಂದೆ ತರುವುದಕ್ಕಿಂತ ಅದನ್ನೇ ಎರಡು ಮಾಡುವುದು ಸಲೀಸು: ಎರಡು ಬೋರ್ಡು, ಒಬ್ಬ ತಹಶೀಲ್ದಾರ, ಇನ್ನೊಂದು ಕುರ್ಚಿ ಪ್ರಭಾರ.

ಇವುಗಳಲ್ಲಿ ಯಾವುದು ಎಷ್ಟು ಹಿಂದಿದೆ ಎಂದು ಹೊಸದಾಗಿ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿದರು. ದೂರದ ಪ್ರವಾಸದ ಖರ್ಚೇಕೆ? ಹಳೆಯ ಪಟ್ಟಿ ಹಿಡಿದು ಬೆಂಗಳೂರಿನ ಯಾವುದಾದರೂ ಶೆಡ್ಡುಗಳ ಸಾಲಿನ ಮುಂದೆ ನಿಂತು ಆ 21 ತಾಲ್ಲೂಕುಗಳ ಹೆಸರು ಕೂಗಿದರಾಯ್ತು. ಒಂದೊಂದಕ್ಕೂ ಒಳಗಿನಿಂದ ಯಾರಾದರೊಬ್ಬರು ಓಗೊಡುತ್ತಾರೆ: "ಅದೀವ್ರಿ ಸಾಹೇಬ್ರ, ಇಲ್ಲೇ ಅದೀವಿ."