ಹುಡುಕುವುದನ್ನೂ ಕಲಿಸಿ, ಪ್ರಾಂಶುಪಾಲರೇ

ನಾಡಿನ ವೈದ್ಯಕೀಯ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ಗ್ರಂಥಾಲಯದಲ್ಲಿ ದುಡಿದವಳೊಬ್ಬಳ ನಮಸ್ಕಾರ.

ಮಂಗನ ಕಾಯಿಲೆಯಿಂದಲೇ ಶುರು ಮಾಡುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಸುತ್ತಲಿನ ಜನ ಜ್ವರದಲ್ಲಿ ಮಲಗಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ಕಾಯಿಲೆಗೆ ನಿಂತಿತು. ಈಗ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಹೊಸದಾಗಿ ಬಂದ ವೈದ್ಯೆಗೆ, ಹಿಂದೆ ಹಾಕುತ್ತಿದ್ದ ಲಸಿಕೆ ಎಷ್ಟರಮಟ್ಟಿಗೆ ಕಾಪಾಡಿತ್ತು ಎಂದು ತಿಳಿಯಬೇಕಾಗಿದೆ ಎನ್ನಿ. ವೈದ್ಯಕೀಯ ಲೇಖನಗಳ ಅಂತರಜಾಲ ಭಂಡಾರವಾದ ಪಬ್‌ಮೆಡ್‌ನಲ್ಲಿ 1994ರ ಅಧ್ಯಯನ ಸಿಗುತ್ತದೆ: ಎರಡು ಡೋಸ್ ಪಡೆದವರಲ್ಲಿ ಶೇ. 93.5 ರಕ್ಷಣೆ. ಅಲ್ಲಿಗೇ ನಿಲ್ಲಿಸಿದರೆ ಆಕೆಗೆ ಧೈರ್ಯ ಬರುತ್ತದೆ. ಮುಂದುವರಿದು ಹುಡುಕಿದರೆ 2013ರ ಅಧ್ಯಯನ ಎದುರಾಗುತ್ತದೆ: ಎರಡು ಡೋಸ್‌ಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಕಾಡಿಗೆ ಸೌದೆ, ದರಗು ತರಲು ಹೋಗುವವರಿಗೆ ಆಕೆ ಏನು ಹೇಳುತ್ತಾಳೆ ಎಂಬುದು ಯಾವ ಲೇಖನ ಕೈಗೆ ಸಿಕ್ಕಿತು ಎಂಬುದರ ಮೇಲೆ ನಿಂತಿದೆ.

ನಿಮ್ಮ ವಿದ್ಯಾರ್ಥಿಗಳು ಬುದ್ಧಿವಂತರು. ಆದರೆ ನಾನು ಕಂಡಂತೆ ಹೆಚ್ಚಿನವರು ಎರಡು ಪದ ಟೈಪ್ ಮಾಡಿ ಮೊದಲ ಪುಟದಲ್ಲಿ ಬಂದದ್ದನ್ನು ತೆಗೆದುಕೊಂಡು ಎದ್ದುಬಿಡುತ್ತಾರೆ. ಪಬ್‌ಮೆಡ್ ಮೊದಲ ಪುಟದಲ್ಲಿ ಇಡುವುದು ಕೇಳಿದ ಪದಗಳಿಗೆ ಹೆಚ್ಚು ಹೊಂದುವುದನ್ನು. ಅದೇ ಹೊಸದು, ಅದೇ ಗಟ್ಟಿ ಎಂದು ಅರ್ಥವಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಭಂಡಾರದಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಅಷ್ಟರಲ್ಲಿ ಬೇಕಾದ್ದನ್ನು ಹೆಕ್ಕಲು ಮೆಶ್ ಎಂಬ ವಿಷಯಸೂಚಿ ಇದೆ. ‘ಹಾರ್ಟ್ ಅಟ್ಯಾಕ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಪಬ್‌ಮೆಡ್ ಅದನ್ನು ‘ಮಯೋಕಾರ್ಡಿಯಲ್ ಇನ್‌ಫಾರ್ಕ್‌ಷನ್’ ಎಂಬ ಮೆಶ್ ಶೀರ್ಷಿಕೆಗೂ ತಾನೇ ಜೋಡಿಸಿಕೊಂಡು ಹುಡುಕುತ್ತದೆ. ಅದೇ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಜೋಡಣೆ ನಿಂತುಹೋಗುತ್ತದೆ, ಎಷ್ಟೋ ಲೇಖನಗಳು ಕಣ್ಣಿಗೇ ಬೀಳುವುದಿಲ್ಲ. ಹಾಗೆಂದು ಮೆಶ್ ಒಂದನ್ನೇ ನಂಬಿದರೂ ಕಷ್ಟ. ಶೀರ್ಷಿಕೆ ಇನ್ನೂ ಅಂಟಿರದ ಹೊಸ ಲೇಖನಗಳು ತಪ್ಪಿಹೋಗುತ್ತವೆ. ಮೆಶ್ ಶೀರ್ಷಿಕೆ, ಸಾಮಾನ್ಯ ಪದ ಎರಡನ್ನೂ ಸೇರಿಸಿ ಹುಡುಕಬೇಕು. ‘ಆಂಡ್’, ‘ಆರ್’ ಎರಡೂ ಬಂದ ಕಡೆ ಆವರಣ ಹಾಕಲೇಬೇಕು. ಹಾಕದಿದ್ದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ, ನಾವು ಕೇಳಿದ್ದೇ ಬೇರೆ, ಅದು ಕೊಡುವುದೇ ಬೇರೆ. ಇಷ್ಟನ್ನು ಕಲಿಸಲು ವರ್ಷ ಬೇಡ. ಆದರೆ ಪ್ರವೇಶದ ವಾರದ ಒಂದು ಉಪನ್ಯಾಸ ಖಂಡಿತ ಸಾಲದು. ಆಗ ವಿದ್ಯಾರ್ಥಿಯ ಎದುರು ರೋಗಿಯೂ ಇರುವುದಿಲ್ಲ, ಪ್ರಶ್ನೆಯೂ ಇರುವುದಿಲ್ಲ.

ಹುಡುಕಿದ ಲೇಖನ ಪೂರ್ತಿ ಓದಲೂ ಸಿಗಬೇಕು. ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದು ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ಇದು ದೊಡ್ಡ ಕೆಲಸ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಪದವಿ ಮುಗಿಸಿ ತಾಲ್ಲೂಕು ಆಸ್ಪತ್ರೆಗೆ ಹೊರಟ ವೈದ್ಯರು ಆ ಬಾಗಿಲಿನ ಹೊರಗೆ ಉಳಿಯುತ್ತಾರೆ. ಅವರಿಗೆ ಸಿಗುವುದು ಉಚಿತವಾಗಿ ತೆರೆದಿಟ್ಟದ್ದು ಮಾತ್ರ. ಪೂರ್ಣ ಲೇಖನಗಳನ್ನು ಬಿಟ್ಟಿಯಾಗಿ ಓದಲು ಕೊಡುವ ಪಬ್‌ಮೆಡ್ ಸೆಂಟ್ರಲ್ 2000ದಿಂದಲೂ ಇದೆ. ಮೇಲೆ ಹೇಳಿದ 2013ರ ಅಧ್ಯಯನವನ್ನೂ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಅಂಥದೊಂದು ಇದೆ ಎಂದು ಗೊತ್ತಿರಬೇಕು, ಅಷ್ಟೆ.

ಆದ್ದರಿಂದ ನನ್ನ ಕೋರಿಕೆ ಇದು. ಹುಡುಕುವುದನ್ನು ವಾರ್ಡಿನ ಪಾಠಕ್ಕೆ ಸೇರಿಸಿ. ಬೆಳಗ್ಗೆ ರೌಂಡ್ಸ್‌ನಲ್ಲಿ ಎದ್ದ ಪ್ರಶ್ನೆಗೆ ಸಂಜೆಯೊಳಗೆ ವಿದ್ಯಾರ್ಥಿ ಲೇಖನ ತರಲಿ. ಏನು ಸಿಕ್ಕಿತು ಎಂಬುದರ ಜೊತೆಗೆ ಹೇಗೆ ಹುಡುಕಿದೆ ಎಂದೂ ಬರೆದು ತೋರಿಸಲಿ, ಅದಕ್ಕೂ ಅಂಕ ಇರಲಿ. ನಿಮ್ಮ ಗ್ರಂಥಪಾಲಕರನ್ನು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನಿಂದ ಎಬ್ಬಿಸಿ ಆ ಪಾಠಕ್ಕೆ ಕರೆಯಿರಿ. ಮುಂದಿನ ಬ್ಯಾಚಿನಿಂದಲೇ ಶುರು ಮಾಡಿ.