ಓದಿನ ಪಂಥವೂ ಅಡಿಕೆಯ ಮದ್ದೂ

ಅಂತೂ ವರ್ಷದ ಓದಿನ ಪಂಥ ಮುಗಿಯಿತು ಮಾರಾಯ್ರೆ! ತಿಂಗಳಿಗೊಂದು ಪುಸ್ತಕ, ಕೊನೆಯ ಭಾನುವಾರ ಕಾಫಿ ಕುಡಿಯುತ್ತ ಲೆಕ್ಕ ಒಪ್ಪಿಸುವುದು, ಇಷ್ಟೇ ಕರಾರು. ನಮ್ಮ ಸಂಪಾಜೆ ಕೊಡಗು, ದಕ್ಷಿಣ ಕನ್ನಡಗಳ ಗಡಿಯ ಊರಲ್ಲವೇ, ಪುಸ್ತಕದ ಆಯ್ಕೆಯಲ್ಲೂ ಗಡಿ ತಕರಾರು. ಮಡಿಕೇರಿ ಕಡೆಯವರು ಭಾರತೀಸುತರ ‘ಹುಲಿಯ ಹಾಲಿನ ಮೇವು’ ಅಂದರೆ, ಸುಳ್ಯ ಕಡೆಯವರು ಕಾರಂತರ ‘ಮರಳಿ ಮಣ್ಣಿಗೆ’ ಬಿಟ್ಟು ಅಲುಗಲಿಲ್ಲ. ಎರಡನ್ನೂ ಓದಿದೆವು. ಒಬ್ಬರು ಮಾತ್ರ ‘ಹುಲಿಯ ಹಾಲಿನ ಮೇವು’ ಓದದೆ ಅದರ 1979ರ ಸಿನಿಮಾ ನೋಡಿಕೊಂಡು ಬಂದು ಕಥೆ ಹೇಳಿದರು. ಕಾದಂಬರಿಯ ಮಧ್ಯೆ ರಾಜ್‌ಕುಮಾರರ ಹಾಡು ಬಂದದ್ದರಿಂದ ಸಿಕ್ಕಿಬಿದ್ದರು.

ಕೊಡಗಿನ ಗೌರಮ್ಮನವರ ಕಥೆಗಳನ್ನು ‘ಸಣ್ಣವು, ಬೇಗ ಮುಗಿಯುತ್ತವೆ’ ಎಂಬ ದುರಾಸೆಯಿಂದಲೇ ಆರಿಸಿದ್ದು. 1939ರಲ್ಲಿ, ಬರೀ 27ರ ವಯಸ್ಸಿಗೆ ತೀರಿಕೊಂಡ ಆಕೆ ಬರೆದದ್ದನ್ನು ಓದಿ, ಅವತ್ತು ಕಾಫಿ ಆರಿದರೂ ಯಾರೂ ಲೋಟ ಮುಟ್ಟಲಿಲ್ಲ.

ನಿಜವಾದ ಪರೀಕ್ಷೆ ಆಟಿ ತಿಂಗಳಲ್ಲಿ, ‘ಮಲೆಗಳಲ್ಲಿ ಮದುಮಗಳು’. ಪುಸ್ತಕದೊಳಗೂ ಮಳೆ, ಹೊರಗೂ ಮಳೆ. ಕರೆಂಟಿಲ್ಲ, ಹಾಳೆಗೆಲ್ಲ ಬೂಷ್ಟು. ಸ್ವಲ್ಪ ಹೊಳವಾದ ದಿನ ಭಾವ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತದ್ದೇ ತಡ, ಒಳಗಿನಿಂದ ಅಕ್ಕನ ದನಿ: “ಅಡಿಕೆಗೆ ಮದ್ದು ಬಿಡ್ಲಿಕ್ಕೆ ನಾಯಿಗುತ್ತಿ ಬರ್ತಾನಾ?”

ಕಾದಂಬರಿಯ ಪಾತ್ರ ನಾಯಿಗುತ್ತಿಯ ಹೆಸರು ಅವಳ ಬಾಯಲ್ಲಿ ಬಂದಾಗಲೇ ತಿಳಿದದ್ದು, ಪಂಥಕ್ಕೆ ಸೇರದ ಅಕ್ಕ ನಮಗಿಂತ ಮೊದಲೇ ಅದನ್ನು ಓದಿ ಮುಗಿಸಿದ್ದಳು!

ಮುಂದಿನ ವರ್ಷವೂ ಪಂಥ ಉಂಟು, ಬರುವವರು ಬನ್ನಿ. ಎರವಲು ಒಯ್ದ ಪುಸ್ತಕ ಮಾತ್ರ ಮಳೆಗಾಲಕ್ಕೆ ಮೊದಲು ವಾಪಸು ಕೊಡಿ.