ವಿಂಡ್‌ಶೀಲ್ಡ್ ಅವರೊಂದಿಗೆ ಒಂದು ಪಾರದರ್ಶಕ ಮಾತುಕತೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ, ಕ್ಲಚ್ ಕೇಬಲ್ಲುಗಳ ಗೊಂಚಲಿಗೂ ಸೀಟ್ ಕವರುಗಳ ರಾಶಿಗೂ ನಡುವೆ ಇವರು ಮೊಳೆಗೆ ನೇತುಬಿದ್ದಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನ ಹತ್ತಿರವಾಯಿತೆಂದರೆ ಹಳೇ ಗಾಡಿಗಳ ಮಾಲೀಕರಿಗೆ ಕ್ರೋಮು, ಕನ್ನಡಿ, ಸ್ಟಿಕ್ಕರುಗಳ ಜೊತೆ ಇವರ ನೆನಪೂ ಆಗುತ್ತದೆ. ಈ ಸಲ ಇವರನ್ನು ಕೇಳಿಕೊಂಡು ಬಂದಿರುವುದು ಎಂಬತ್ತರ ದಶಕದ ಒಂದು ಯೆಜ್ಡಿ ರೋಡ್‌ಕಿಂಗ್ ಕಡೆಯವರು. ಹುಡುಗಿ ಮೈಸೂರಿನ ಯಾದವಗಿರಿಯವಳು, ಐಡಿಯಲ್ ಜಾವಾ ಮನೆತನ. 1961ರಲ್ಲಿ ಗಾಡಿ ಕಟ್ಟಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ಸಂಬಂಧ ಕೂಡಿಸುವ ಮುನ್ನ ಗಂಡಿನ ಕಡೆ ನಾಲ್ಕು ಮಾತು ವಿಚಾರಿಸುವುದು ಹಿರಿಯರು ಹೇಳಿಕೊಟ್ಟ ಕ್ರಮ.

ಪ್ರಶ್ನೆ: ತಮ್ಮ ಕೆಲಸವೇನು, ಸ್ವಾಮಿ?

ವಿಂಡ್‌ಶೀಲ್ಡ್: ಗಾಳಿ ತಡೆಯುವುದು. ಹುಳ ತಡೆಯುವುದು, ಧೂಳು ತಡೆಯುವುದು, ಜೊತೆಗೆ ಗಾಡಿಗೆ ಒಂದು ಗತ್ತು ಕೊಡುವುದು. ಎಲ್ಲಕ್ಕಿಂತ ಮೊದಲು, ನಾನು ಪಾರದರ್ಶಕ. ಆ ಮಾತನ್ನು ಇದೇ ಊರಿನ ದೊಡ್ಡ ಕಟ್ಟಡವೊಂದರಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ನಾನು ಹೇಳುವುದಿಲ್ಲ, ತೋರಿಸುತ್ತೇನೆ.

ಪ್ರಶ್ನೆ: ತಡೆಯುವುದು ಎಂಬ ಮಾತಿನಲ್ಲೇ ತಕರಾರಿದೆ. ಗಾಳಿಯನ್ನು ಯಾರೂ ತಡೆದು ಮಾಯ ಮಾಡಲಾರರು, ಅದರ ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗ ಮಾಡಬಹುದು ಅಷ್ಟೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟರಷ್ಟು. ತಮ್ಮಂಥ 45 ಸೆಂಟಿಮೀಟರ್ ಎತ್ತರ, 40 ಸೆಂಟಿಮೀಟರ್ ಅಗಲದ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಬೀಳುವ ಭಾರ ಒಂದೂವರೆ ಕೆಜಿ ದಾಟುವುದಿಲ್ಲ. 80ರಲ್ಲಿ ಅದೇ ಭಾರ 5ರಿಂದ 6 ಕೆಜಿ. ತಾವಿಲ್ಲದಿದ್ದಾಗ ಈ ಭಾರವನ್ನು ಸವಾರನ ಎದೆ ಹೊರುತ್ತಿತ್ತು, ಅಲ್ಲಿಂದ ಸೀಟಿಗೆ ಇಳಿಯುತ್ತಿತ್ತು. ತಾವು ಬಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ವಿಂಡ್‌ಶೀಲ್ಡ್: ಹ್ಯಾಂಡಲ್ ಬಾರಿಗೆ. ಅಲ್ಲಿಂದ ಫೋರ್ಕಿಗೆ. ಅಲ್ಲಿಂದ ಮುಂದಿನದು ನನ್ನ ಇಲಾಖೆಗೆ ಸೇರಿದ್ದಲ್ಲ. ಆದರೆ ದೊಡ್ಡ ದೊಡ್ಡ ಕಂಪನಿಗಳೇ ನಮ್ಮ ವಂಶದವರನ್ನು ಕರೆಸಿಕೊಂಡಿವೆ, ಅದನ್ನೂ ಬರೆದುಕೊಳ್ಳಿ. 1976ರಲ್ಲಿ ಬಿಎಂಡಬ್ಲ್ಯು ತನ್ನ ಆರ್100ಆರ್‌ಎಸ್ ಗಾಡಿಗೆ ಕಾರ್ಖಾನೆಯಿಂದಲೇ ಪೂರಾ ಫೇರಿಂಗ್ ತೊಡಿಸಿ ಕಳಿಸಿತು. ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ ರೂಪಿಸಿದ್ದು.

ಪ್ರಶ್ನೆ: ಬರೆದುಕೊಂಡೆ. ಆ ಫೇರಿಂಗನ್ನು ಅವರು ಕಟ್ಟಿದ್ದು ಎಲ್ಲಿಗೆ?

ವಿಂಡ್‌ಶೀಲ್ಡ್: (ತಡವಾಗಿ) ಚಾಸಿಗೆ. ಹ್ಯಾಂಡಲ್ಲಿಗಲ್ಲ. ಆದರೆ ಹಾರ್ಲೆಯವರು ಎಲೆಕ್ಟ್ರಾ ಗ್ಲೈಡಿಗೆ ಬಾವಲಿಯ ರೆಕ್ಕೆಯಂಥದ್ದೊಂದನ್ನು ಫೋರ್ಕಿಗೇ ಕಟ್ಟಿ ದಶಕಗಟ್ಟಲೆ ಮಾರಿದ್ದಾರೆ. ಅದಕ್ಕೇನು ಹೇಳುತ್ತೀರಿ?

ಪ್ರಶ್ನೆ: ಆ ಗಾಡಿ ಮೂರು ಕ್ವಿಂಟಲಿಗೂ ಮೇಲೆ ತೂಗುತ್ತದೆ, ಅದರ ಫೋರ್ಕನ್ನು ಆ ಹೊರೆ ಲೆಕ್ಕ ಹಾಕಿಯೇ ಮಾಡಿದ್ದಾರೆ. ರೋಡ್‌ಕಿಂಗ್ ಒಂದೂವರೆ ಕ್ವಿಂಟಲ್ ಮುಟ್ಟುವುದಿಲ್ಲ. 250 ಸಿಸಿ, ಎರಡು ಸ್ಟ್ರೋಕು, ಹೊಸದರಲ್ಲಿ 16 ಕುದುರೆಶಕ್ತಿ. ತೂಕ, ಶಕ್ತಿಗಳಿಗಿಂತ ಹೆಚ್ಚಾಗಿ ನಾನು ಕೇಳಬೇಕಾದ್ದು ವಯಸ್ಸಿನ ಮಾತು. ಹ್ಯಾಂಡಲ್ ತಿರುಗುವ ಜಾಗದಲ್ಲಿ ಬಾಲ್‌ಗಳು ಕೂತಿರುವ ಕೋನ್ ಸೆಟ್ ಇದೆಯಲ್ಲ, ನಾಲ್ಕು ದಶಕದ ಹಂಪುಗಳ ಪೆಟ್ಟೆಲ್ಲ ತಿಂದಿರುವುದು ಅದೇ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಒಂದೇ ಬೆರಳಲ್ಲಿ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒಯ್ಯಿರಿ. ನಟ್ಟನಡುವೆ ಬಂದಾಗ ಟಕ್ಕೆಂದು ಕಚ್ಚಿ ನಿಂತರೆ ಕೋನುಗಳಲ್ಲಿ ಗುಳಿ ಬಿದ್ದಿದೆ ಎಂದರ್ಥ. ಫೋರ್ಕಿನ ಎರಡೂ ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟಕಟ ಎಂದರೆ ಸಡಿಲವಾಗಿದೆ. ಇಂಥ ತಲೆಯ ಮೇಲೆ ತಮ್ಮನ್ನು ಹಾಯಿಯ ಹಾಗೆ ನಿಲ್ಲಿಸಿ, ಪಕ್ಕದಲ್ಲೇ ಸಾರಿಗೆ ಬಸ್ಸೊಂದು ದಾಟಿಹೋಯಿತು ಅನ್ನಿ. ಬಸ್ಸಿನ ಮೂತಿ ತಳ್ಳುವ ಗಾಳಿ ಮೊದಲು ಒಂದು ಕಡೆಗೆ ದೂಡುತ್ತದೆ, ಬಸ್ಸು ದಾಟಿದ ಕೂಡಲೇ ಇನ್ನೊಂದು ಕಡೆಗೆ ಎಳೆಯುತ್ತದೆ. ಚಾಸಿಗೆ ಕಟ್ಟಿದ ಹಾಳೆಯಾದರೆ ಇಡೀ ಗಾಡಿ ಆ ಪೆಟ್ಟು ಹಂಚಿಕೊಳ್ಳುತ್ತದೆ. ಹ್ಯಾಂಡಲ್ಲಿಗೆ ಕಟ್ಟಿದ್ದಾದರೆ ಗಾಳಿಯೇ ಹ್ಯಾಂಡಲ್ ತಿರುಗಿಸುತ್ತದೆ.

ವಿಂಡ್‌ಶೀಲ್ಡ್: ಒಪ್ಪಿದೆ. ಆದರೆ ಹೆದ್ದಾರಿಯಲ್ಲಿ ಮೂರು ಗಂಟೆ ಎದೆಗೆ ಗಾಳಿ ಹೊಡೆಸಿಕೊಂಡವನ ಕತ್ತು, ತೋಳು ಸಂಜೆಗೆ ಏನಾಗಿರುತ್ತವೆ ಗೊತ್ತೆ? ಆಯಾಸವಾದ ಸವಾರನೂ ಅಪಾಯವೇ. ನನ್ನ ಉಪಯೋಗ ಕಾಣಬೇಕಾದರೆ ರಸ್ತೆ ಉದ್ದ ಇರಬೇಕು, ವೇಗ ಒಂದೇ ಸಮ ಇರಬೇಕು.

ಪ್ರಶ್ನೆ: ಅಂಥ ರಸ್ತೆ ನಮ್ಮಲ್ಲಿದೆ. ಹುಡುಗಿಯ ತವರಿಗೇ ಹೋಗುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಮೈಸೂರಲ್ಲಿ ಹುಟ್ಟಿದ ಗಾಡಿ ಮೈಸೂರಿಗೆ ಹೋಗಬೇಕಾದರೆ ಸರ್ವಿಸ್ ರಸ್ತೆ ಹಿಡಿಯಬೇಕು: ರಾಮನಗರದ ಹಂಪು, ಮದ್ದೂರಿನ ತಿರುವು, ಮಂಡ್ಯದ ಕಬ್ಬಿನ ಲಾರಿ. ಅಲ್ಲಿ 40 ಮುಟ್ಟಿದರೆ ಪುಣ್ಯ. 40ರಲ್ಲಿ ತಾವು ತಪ್ಪಿಸುವ ಭಾರ ಎಷ್ಟೆಂದು ಆಗಲೇ ಲೆಕ್ಕ ಹಾಕಿದೆವು. ಬೇರೆ ಹೆದ್ದಾರಿಗಳಿಲ್ಲವೇ ಎನ್ನುತ್ತೀರಿ. ಇವೆ. ಆದರೆ ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್ ಇರುವ ಗಾಡಿಯನ್ನು ಗಂಟೆಗಟ್ಟಲೆ 80ರಲ್ಲಿ ಓಡಿಸಿ ಎನ್ನುವ ಧೈರ್ಯ ನನಗಿಲ್ಲ. ಇನ್ನೂ ಒಂದು ಮಾತಿದೆ. ಮೀಟರಿನ ಮುಳ್ಳು 40ಕ್ಕೂ 70ಕ್ಕೂ ನಡುವೆ ಕುಣಿಯುವ ಗಾಡಿಯಲ್ಲಿ ಎದೆಗೆ ಬೀಳುವ ಗಾಳಿಯೇ ನಂಬಬಹುದಾದ ಸ್ಪೀಡೋಮೀಟರ್. ತಾವು ಅದನ್ನೂ ಕಿತ್ತುಹಾಕುತ್ತೀರಿ.

ವಿಂಡ್‌ಶೀಲ್ಡ್: ಹೀಗೆ ಒಂದೇ ಕಡೆ ವಾದ ಮಾಡಿದರೆ ಹೇಗೆ? ಮಳೆ ಇದೆ. ಹುಳ ಇದೆ. ಡಿಸೆಂಬರಿನ ಬೆಳಗಿನ ಜಾವ ಮಡಿಕೇರಿ ಘಾಟಿ ಹತ್ತಿನೋಡಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಒಂದೊಂದಾಗಿ ನೋಡೋಣ. ಹುಳಕ್ಕೂ ಧೂಳಿಗೂ ಹೆಲ್ಮೆಟ್ಟಿನ ಗಾಜು ಸಾಕು. ಜನ ಬರಿತಲೆಯಲ್ಲಿ, ಬರಿಗಣ್ಣಲ್ಲಿ ಗಾಡಿ ಓಡಿಸುತ್ತಿದ್ದ ಕಾಲಕ್ಕೆ ತಮ್ಮ ಅಗತ್ಯವಿತ್ತು. ಹೆಲ್ಮೆಟ್ ಕಾನೂನಾದ ಮೇಲೆ ಅದೇ ಕೆಲಸಕ್ಕೆ ಎರಡನೇ ನೇಮಕಾತಿಯಾದಂತೆ. ಇದು ಸರ್ಕಾರದಲ್ಲಿ ನಡೆಯುತ್ತದೆ, ಫೋರ್ಕಿನ ಮೇಲೆ ನಡೆಯಬಾರದು. ಮಳೆಯಲ್ಲಿ ತಮಗೆ ವೈಪರ್ ಇಲ್ಲ. ರಾತ್ರಿ ಎದುರು ಲಾರಿಯ ಹೆಡ್‌ಲೈಟು ಬಿದ್ದಾಗ ತಮ್ಮ ಮೈಮೇಲಿನ ಒಂದೊಂದು ಗೀರೂ ಒಂದೊಂದು ದೀಪವಾಗುತ್ತದೆ. ಅಕ್ರಿಲಿಕ್ ಆದರೆ ಬಿದ್ದಾಗ ಚೂಪಾಗಿ ಒಡೆಯುತ್ತೀರಿ. ಪಾಲಿಕಾರ್ಬನೇಟ್ ಆದರೆ ಒಡೆಯುವುದು ಕಷ್ಟ, ಗೀರು ಬೀಳುವುದು ಸುಲಭ, ಪೆಟ್ರೋಲ್ ತಾಗಿದರೆ ಸಣ್ಣ ಸಣ್ಣ ಬಿರುಕು. ಪೆಟ್ರೋಲಿಗೆ ಆಯಿಲ್ ಬೆರೆಸಿಕೊಂಡು ಟ್ಯಾಂಕಿನ ಬಾಯಿಗೆ ಹೊಯ್ಯುವ ಗಾಡಿಯ ಎದುರಲ್ಲಿ ತಾವು ಎಷ್ಟು ದಿನ ಪಾರದರ್ಶಕರಾಗಿರುತ್ತೀರಿ? ಚಳಿಯ ಮಾತು ಮಾತ್ರ ನಿಜ. ಅಲ್ಲಿ ತಮ್ಮ ಪರವಾಗಿ ಒಂದು ಅಂಕ ಹಾಕಿಕೊಳ್ಳುತ್ತೇನೆ. ಆದರೆ ಚಳಿಯಲ್ಲಿ ಮೊದಲು ಮರಗಟ್ಟುವುದು ಬೆರಳು ಮತ್ತು ಮಂಡಿ. ಈ ಅಳತೆಯ ಹಾಳೆ ಎರಡನ್ನೂ ಮುಚ್ಚುವುದಿಲ್ಲ. ಎದೆಗೆ ಗಾಳಿ ನುಗ್ಗದ ಜರ್ಕಿನ್ ಇದ್ದೇ ಇದೆ, ಅದು ಇಲ್ಲದಿದ್ದರೆ ಅಂಗಿಯೊಳಗೆ ಮಡಚಿಟ್ಟ ಹಳೇ ದಿನಪತ್ರಿಕೆ.

ವಿಂಡ್‌ಶೀಲ್ಡ್: ನಾನು ಬಂದರೆ ಎಂಜಿನ್ ಕಾಯುತ್ತದೆ, ಸೀಜ್ ಆಗುತ್ತದೆ ಎಂಬ ಅಪವಾದವನ್ನೂ ಹೊರಿಸಿಬಿಡಿ. ಎಲ್ಲರೂ ಹೊರಿಸುತ್ತಾರೆ.

ಪ್ರಶ್ನೆ: ಇಲ್ಲ, ಅದು ಸುಳ್ಳು ಆರೋಪ. ಸಿಲಿಂಡರಿನ ರೆಕ್ಕೆಗಳು ಮುಂದಿನ ಚಕ್ರದ ಹಿಂದೆ, ಬಹಳ ಕೆಳಗೆ ಇವೆ. ಹ್ಯಾಂಡಲ್ಲಿನ ಮೇಲೆ ಕೂತ ತಾವು ಆ ಗಾಳಿಗೆ ಅಡ್ಡ ಬರುವುದಿಲ್ಲ. ಕಾಲ ಮುಂದಿನ ಲೆಗ್ ಶೀಲ್ಡ್ ಮೇಲೆ ಬೇಕಾದರೆ ಅನುಮಾನ ಪಡಬಹುದು. ಬೇಸಿಗೆಯಲ್ಲಿ ಕಾಯುವವನು ಸವಾರ. ಏಪ್ರಿಲ್ಲಿನ ಟ್ರಾಫಿಕ್ಕಿನಲ್ಲಿ ಅವನ ಬೆವರು ಆರಿಸಲು ಇರುವ ಅಷ್ಟಿಷ್ಟು ಗಾಳಿಯನ್ನೂ ತಾವು ತಲೆಯ ಮೇಲೆ ಹಾಯಿಸಿಬಿಡುತ್ತೀರಿ. ಹಾಯಿಸುವುದಾದರೂ ಸರಿಯಾಗಿ ಹಾಯಿಸುತ್ತೀರಾ? ತಮ್ಮ ಮೇಲಂಚು ದಾಟಿದ ಗಾಳಿ ಸುರುಳಿ ಸುತ್ತಿಕೊಂಡು ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆ. ಬಯಲಲ್ಲಿ ಬರುವ ಗಾಳಿಗಿಂತ ಅದರ ಗದ್ದಲ ಹೆಚ್ಚು. ಅನುಮಾನವಿದ್ದವರು ಖಾಲಿ ರಸ್ತೆಯಲ್ಲಿ ಫುಟ್‌ರೆಸ್ಟಿನ ಮೇಲೆ ನಾಲ್ಕು ಬೆರಳಷ್ಟು ಎದ್ದು ನೋಡಲಿ. ಸದ್ದು ತಟ್ಟನೆ ಇಳಿದರೆ ತಪ್ಪು ಗಾಳಿಯದಲ್ಲ, ಹಾಳೆಯದು.

ವಿಂಡ್‌ಶೀಲ್ಡ್: ಇಷ್ಟೆಲ್ಲ ಹೇಳಿದಿರಿ, ಆ ಮಾಲೀಕರು ಬಿಡುವುದಿಲ್ಲ. ಫೋಟೋದಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಕಟ್ಟಿಸಲೇಬೇಕೆಂದರೆ?

ಪ್ರಶ್ನೆ: ಮೊದಲು ಕೋನ್ ಸೆಟ್ ಬದಲಾಯಿಸಲಿ, ಫೋರ್ಕಿನ ಆಯಿಲ್ ಸೀಲು ನೋಡಿಸಲಿ. ಆ ಖರ್ಚಾದ ಮೇಲೂ ಆಸೆ ಉಳಿದಿದ್ದರೆ ಎರಡಲ್ಲ, ನಾಲ್ಕು ಕಡೆ ಕ್ಲಾಂಪ್, ಪ್ರತಿಯೊಂದಕ್ಕೂ ರಬ್ಬರ್ ವಾಷರ್. ಮೇಲಂಚು ಸವಾರನ ಮೂಗಿನ ಮಟ್ಟಕ್ಕಿಂತ ಮೇಲೆ ಬರಬಾರದು. ಹಾಳೆಯ ಮೇಲಿಂದ ರಸ್ತೆ ನೋಡಬೇಕೇ ಹೊರತು ಹಾಳೆಯೊಳಗಿಂದಲ್ಲ. ಕೆಳಗೆ ಒಂದಿಷ್ಟು ಸಂದು ಬಿಟ್ಟರೆ ಹಿಂದುಗಡೆಯ ಸೆಳೆತ ಕಡಿಮೆಯಾಗುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ಲು ಸಿಕ್ಕಿಕೊಳ್ಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲಿ. ನನ್ನ ಕೊನೆಯ ಪ್ರಶ್ನೆ: ತಾವೇ ಆರಿಸಿಕೊಳ್ಳುವ ಹಾಗಿದ್ದರೆ ಯಾರ ಗಾಡಿಗೆ ಹೋಗುತ್ತಿದ್ದಿರಿ?

ವಿಂಡ್‌ಶೀಲ್ಡ್: ರಾತ್ರಿ ಹನ್ನೊಂದರ ಚಳಿಯಲ್ಲೂ ಊಟದ ಡಬ್ಬಿ ಹೊತ್ತು ತಿರುಗುವ ಹುಡುಗರಿದ್ದಾರಲ್ಲ, ಅವರ ಸ್ಕೂಟರಿಗೆ. ಅವರ ವೇಗ ಕಡಿಮೆಯಾದರೂ ಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚು. ಭಾನುವಾರ ಒಂದು ಸುತ್ತು ಹೋಗಿ ಬಂದು ಹೊದಿಕೆ ಹೊದ್ದು ನಿಲ್ಲುವ ರೋಡ್‌ಕಿಂಗಿಗಿಂತ ಅವರಿಗೆ ನನ್ನ ಅಗತ್ಯ ಹೆಚ್ಚಿದೆ. ಆದರೆ ಅವರು ಈ ಅಂಗಡಿಗೆ ಬರುವುದು ಬ್ರೇಕ್ ಶೂ ಕೇಳಿಕೊಂಡು, ಅದೂ ಚೌಕಾಸಿ ಮಾಡಿ. ತಲೆ ಎತ್ತಿ ನನ್ನ ಬೆಲೆ ಕೇಳಿದವರು ಇನ್ನೂ ಯಾರೂ ಇಲ್ಲ.